ಜೈಲು ಗ್ರಂಥಾಲಯ: ಇಂಟರ್ನೆಟ್ ಇಲ್ಲದೆ ಮಾಹಿತಿ ಹುಡುಕೋದು ಕಲಿಸುವುದು ಹೇಗೆ?

ಓದುಬಳಗ:
ಜಿಲ್ಲಾ ಕಾರಾಗೃಹದ ಗ್ರಂಥಾಲಯದಲ್ಲಿ ವಾರಕ್ಕೊಂದು ಗಂಟೆ ತರಗತಿ. ಹದಿನೈದು ಮಂದಿ, ಬಹುತೇಕ ವಿಚಾರಣಾಧೀನರು. ಇರೋದು ಹಳೇ ಕಾನೂನು ಪುಸ್ತಕಗಳು, ಎರಡು ದಿನಪತ್ರಿಕೆ. "ಮೂರನೇ ಒಂದು ಭಾಗ ಕಳೆದ್ರೆ ಎಲ್ರಿಗೂ ಬೇಲು" ಅಂತ ಬ್ಯಾರಕ್ ತುಂಬಾ ಸುದ್ದಿ. ಎಲ್ಲಿಂದ ಶುರು ಮಾಡಲಿ?

ಕಪಾಟು:
ಆ ಸುದ್ದಿಯಿಂದಲೇ. ಬಂಧನ, ಬೇಲು, ವಿಚಾರಣೆಯ ಕ್ರಮ ಹೇಳುವ ಹೊಸ ಕಾನೂನಾದ ಬಿಎನ್‌ಎಸ್‌ಎಸ್ 479ನೇ ಕಲಮನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಒಂದೇ ಹಾಳೆಗೆ ಹಿಡಿಸಿ. ಇಬ್ಬರಿಗೊಂದು ಪ್ರತಿ ಸಾಕು. ಬೋರ್ಡಿನ ಎಡಕ್ಕೆ ಸುದ್ದಿ, ಬಲಕ್ಕೆ ಕಲಮಿನಲ್ಲಿರೋದು ಬರೆಸಿ. "ಎಲ್ರಿಗೂ" ಅನ್ನೋದು ಅಲ್ಲೇ ಬಿದ್ದುಹೋಗುತ್ತೆ. ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಹಿಂದೆಂದೂ ಶಿಕ್ಷೆಯಾಗದವರಿಗೆ ಮಾತ್ರ, ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಬೀಳಬಹುದಾದ ಆರೋಪಕ್ಕೆ ಇದಿಲ್ಲ. ಬೇರೆ ಕೇಸೂ ಬಾಕಿಯಿದ್ದರೆ ಈ ಕಲಮಿನಡಿ ಬೇಲಿಲ್ಲ.

ಆಮೇಲೆ ಲೆಕ್ಕ ಮಾಡಿಸಿ. ಸಾದಾ ಕಳವಿಗೆ ಗರಿಷ್ಠ 3 ವರ್ಷ, ಅಂದ್ರೆ ಮೊದಲ ಸಲದವರಿಗೆ 1 ವರ್ಷ. ತಪ್ಪೋದು ಇಲ್ಲೇ: ಎಫ್‌ಐಆರ್ ತಾರೀಖಿನಿಂದ ಎಣಿಸ್ತಾರೆ. ಎಣಿಸಬೇಕಾದ್ದು ಬಂಧನದಲ್ಲಿ ಕಳೆದ ದಿನಗಳನ್ನು, ಅದರಲ್ಲೂ ಆರೋಪಿಯಿಂದಲೇ ಆದ ವಿಳಂಬ ಬಿಟ್ಟು.

ಹಳೇಪುಟ:
ಹೊಸ ಕಾನೂನು ಬಂತು ಅಂತ ಐಪಿಸಿ (ಅಪರಾಧ, ಶಿಕ್ಷೆ ಹೇಳುವ ಹಳೇ ಕಾನೂನು) ಪುಸ್ತಕ ರದ್ದಿಗೆ ಹಾಕಿಬಿಟ್ಟೀರಿ! ಕೃತ್ಯ ನಡೆದದ್ದು 2024ರ ಜುಲೈ 1ಕ್ಕೆ ಮುಂಚೆ ಆಗಿದ್ರೆ ಆರೋಪ ಐಪಿಸಿಯಡಿಯೇ. ಪುಸ್ತಕದ ಬೆನ್ನಿಗೆ "30-6-2024ರವರೆಗಿನ ಕೃತ್ಯಗಳಿಗೆ" ಅಂತ ಚೀಟಿ ಅಂಟಿಸಿ. ತರಗತಿಯಲ್ಲಿ ಐಪಿಸಿ, ಅದರ ಬದಲಿಗೆ ಬಂದ ಬಿಎನ್‌ಎಸ್, ಎರಡೂ ಪುಸ್ತಕದಲ್ಲಿ 302ನೇ ಕಲಮು ಹುಡುಕಿಸಿ. ಐಪಿಸಿಯಲ್ಲಿ ಅದು ಕೊಲೆ. ಬಿಎನ್‌ಎಸ್‌ನಲ್ಲಿ ಧಾರ್ಮಿಕ ಭಾವನೆ ನೋಯಿಸುವ ಮಾತು, ಕೊಲೆ 103ಕ್ಕೆ ಹೋಗಿದೆ. ಪುಸ್ತಕ ತೆರೆದೊಡನೆ ಮುದ್ರಣದ ವರ್ಷ ಯಾಕೆ ನೋಡಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಭಾಷಣ ಬೇಡ. ಆದ್ರೆ 479 ಮಾತ್ರ ಹಳೇ ಕೇಸುಗಳಿಗೂ ಅನ್ವಯ. ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲೇ ಹೇಳಿದೆ.

ದಾರದುಂಡೆ:
ಯಾರ ಕೇಸಿನ ಕಾಗದವನ್ನೂ ಎಲ್ಲರೆದುರು ಓದಿಸಬೇಡಿ. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಕೇಸು ಅಂತ ಗೊತ್ತಾದ್ರೆ ಬ್ಯಾರಕ್‌ನಲ್ಲಿ ಅವನ ಪಾಡು ಕಷ್ಟ. ಸುಳ್ಳು ಹೆಸರಿನ ಮಾದರಿ ಹಾಳೆ ಮಾಡಿಕೊಳ್ಳಿ, ಅದರಲ್ಲಿ ಸಿಎನ್‌ಆರ್ ನಂಬರು (ಕೋರ್ಟಿನಲ್ಲಿ ಪ್ರತಿ ಕೇಸಿಗೂ ಇರೋ ಗುರುತಿನ ಸಂಖ್ಯೆ) ಗುರುತಿಸೋದು ಕಲಿಸಿ. ಒಟ್ಟು 16 ಸ್ಥಾನ: ನಮ್ಮ ರಾಜ್ಯದ್ದು ಕೆ, ಎ ಇಂದ ಶುರು, ಮೊದಲ ನಾಲ್ಕು ಅಕ್ಷರ, ಮಿಕ್ಕದ್ದು ಸಾಮಾನ್ಯವಾಗಿ ಅಂಕೆ, ಕೊನೇ ನಾಲ್ಕು ಇಸವಿ. ಸೊನ್ನೆ ಜಾಗದಲ್ಲಿ "ಓ" ಬರೆದುಕೊಟ್ರೆ ಮನೆಯವರು ಇ-ಕೋರ್ಟ್ಸ್ ಆಪ್‌ನಲ್ಲಿ ಎಷ್ಟು ತಡಕಿದ್ರೂ ಸಿಗಲ್ಲ. ಲೆಕ್ಕದಲ್ಲಿ ಅವಧಿ ಮುಗಿದಿದೆ ಅಂತ ಬಂದವರನ್ನು ನೇರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಹತ್ರ ಕಳಿಸಿ. ಬಂಧನದಲ್ಲಿರೋರಿಗೆ ಅದು ಉಚಿತ.

ಹಾಂ, ಹಾಳೆಗಳಿಗೆ ಸ್ಟೇಪಲ್ ಪಿನ್ ಹೊಡೀಬೇಡಿ, ಗೇಟಲ್ಲೇ ಕೀಳಿಸ್ತಾರೆ. ದಾರದಲ್ಲಿ ಹೊಲೀರಿ.