ಸಿಂಗಲ್ ಕಾಯಿಲ್ ಗಿಟಾರಿನ ಗೊಂಯ್ ಸದ್ದು: ನೀವೆಲ್ಲ ಎಂತ ಮಾಡಿದಿರಿ?

ಕುಲಶೇಖರದವ:
ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರು. ತಂತಿಯ ಸದ್ದು ಹಿಡಿಯುವ ಪಿಕಪ್ ಮೂರು, ಮೂರೂ ಸಿಂಗಲ್ ಕಾಯಿಲ್, ಅಂದರೆ ಒಂದೊಂದೇ ಸುರುಳಿಯವು. ಆಂಪ್‌ನಲ್ಲಿ ಗೇನ್ (ಸದ್ದಿನ ಬಲ) ಸ್ವಲ್ಪ ಏರಿಸಿದರೆ ಸಾಕು, ಗೊಂಯ್ ಅಂತ ಶುರು. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕುರ್ಚಿ ತಿರುಗಿಸಿ ಕೂತರೂ ಸದ್ದು ಬದಲಾಗುತ್ತದೆ. ಮುಂದಿನ ತಿಂಗಳು ಕಸಿನ್‌ನ ರೋಸ್‌ಗೆ (ಮದುವೆಯ ಹಿಂದಿನ ದಿನದ ಶಾಸ್ತ್ರ) ನುಡಿಸಲಿಕ್ಕೆ ಉಂಟು. ಕೈಯಲ್ಲಿ ಇರುವುದು 4,000 ರೂಪಾಯಿ. ಸದ್ದು ತಡೆಯಲಿಕ್ಕೆ ಗಿಟಾರಿನ ಒಳಗೆ ತಾಮ್ರದ ಟೇಪು ಅಂಟಿಸುವುದಾ, ಪಿಕಪ್ಪೇ ಬದಲಿಸುವುದಾ?

ಸುರತ್ಕಲ್ ಕಡಲು:
ಟೇಪು ಅಂದಿರಲ್ಲ, ಹಳೇ ಗಾಯ ಕೆದಕಿದಿರಿ. ಎರಡು ವರ್ಷದ ಹಿಂದೆ 380 ರೂಪಾಯಿಗೆ ಒಂದು ರೋಲ್ ತರಿಸಿದೆ. ಅಂಟಿನಲ್ಲೂ ಕರೆಂಟ್ ಹಾಯುತ್ತದೆ ಅಂತ ಬರೆದಿತ್ತು. ಇಡೀ ಭಾನುವಾರ ಕೂತು ಪಿಕಪ್ ಕೂರುವ ಗುಳಿಯ ಒಳಗೆಲ್ಲ ಅಂಟಿಸಿದೆ, ಎರಡು ಬೆರಳು ಕೊಯ್ದುಕೊಂಡೆ. ಮಲ್ಟಿಮೀಟರ್ ಇಟ್ಟರೆ ಒಂದು ತುಂಡಿಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಅಂಟು ಬರೀ ಅಂಟು. ಮತ್ತೆ ಒಂದೊಂದು ಜೋಡಣೆಗೂ ಬೆಸುಗೆ ಹಾಕಿದೆ, 23 ಕಡೆ. ಸ್ಕ್ರೂ ಬಿಗಿದು ಪ್ಲಗ್ ಚುಚ್ಚಿದರೆ ಗೊಂಯ್ ಇಲ್ಲ. ಖುಷಿಯೋ ಖುಷಿ. ತಂತಿ ಮೀಟಿದರೆ ಅದೂ ಇಲ್ಲ! ಜ್ಯಾಕಿನ ಸಿಗ್ನಲ್ ಕಾಲು ತಾಮ್ರಕ್ಕೆ ತಾಗಿ ಎಲ್ಲ ಅರ್ತ್‌ಗೆ ಹೋಗುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಮತ್ತೆ ಬಿಚ್ಚಿ, ಅಲ್ಲಿ ಇನ್ಸುಲೇಶನ್ ಟೇಪು ಸುತ್ತಿದೆ. ಆಮೇಲೆ ಸದ್ದು ಮುಕ್ಕಾಲು ಪಾಲು ಹೋಯಿತು. ಉಪ್ಪುಗಾಳಿಗೆ ತಾಮ್ರದ ಅಂಚು ಹಸಿರಾಗಿದೆ, ಆದರೆ ಕೆಲಸ ಮಾಡುತ್ತಿದೆ. ಪಿಕಪ್ ಬದಲಿಸುವುದು ದುಡ್ಡು ಹೆಚ್ಚಾದವರ ಕೆಲಸ.

ಮಣಿಪಾಲ ಹಂಬಕರ್:
ದುಡ್ಡು ಹೆಚ್ಚಾದವ ಅಂದರೆ ನಾನೇ ಇರಬೇಕು. ಸ್ವಾಮಿ, ತಾಮ್ರ ತಡೆಯುವುದು ಗೋಡೆಯ ವೈರು, ಟ್ಯೂಬ್‌ಲೈಟಿನಿಂದ ಬರುವ ಜುಂಯ್ ಅನ್ನುವ ಚೂಪು ಸದ್ದನ್ನು. ಟ್ರಾನ್ಸ್‌ಫಾರ್ಮರಿನ ಆಯಸ್ಕಾಂತ ಕ್ಷೇತ್ರ ಆ ತೆಳು ಟೇಪಿಗೆ ಕ್ಯಾರೇ ಅನ್ನುವುದಿಲ್ಲ. 50 ಹರ್ಟ್ಸ್‌ನ ದಪ್ಪ ಗೊಂಯ್ ಸೀದಾ ಒಳಗೆ. ಕುರ್ಚಿ ತಿರುಗಿಸಿದರೆ ಬದಲಾಗುವುದು ಅದೇ. ಸುಮ್ನೆ ಅಲ್ಲ, 1955ರಲ್ಲಿ ಗಿಬ್ಸನ್ ಗಿಟಾರ್ ಕಂಪನಿಯ ಸೇತ್ ಲವರ್ ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು ಪೇಟೆಂಟಿಗೆ ಅರ್ಜಿ ಹಾಕಿದ್ದು. ಒಂದರ ವೈರು ಸುತ್ತಿದ ದಿಕ್ಕೂ ಆಯಸ್ಕಾಂತವೂ ಇನ್ನೊಂದಕ್ಕೆ ಉಲ್ಟಾ. ಗೊಂಯ್ ಒಂದನ್ನೊಂದು ಹೊಡೆದುಕೊಂಡು ಸಾಯುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ಅದೇ ಹಂಬಕರ್ ಪಿಕಪ್.

ನನ್ನ ಲೆಕ್ಕ ಕೇಳಿ. ಎರಡು ಹಂಬಕರ್ 6,800. ಪಿಕ್‌ಗಾರ್ಡ್ (ಪಿಕಪ್ ಕೂರಿಸುವ ಮುಂದಿನ ತಟ್ಟೆ) ಕೊರೆಯಲು 600, ಕೊರೆಯುವಾಗ ಅದು ಸೀಳಿತು. ಹೊಸದಕ್ಕೆ 1,150. ಎಲ್ಲ ಹಾಕಿ ನುಡಿಸಿದರೆ ಗಿಟಾರು ಕಂಬಳಿ ಹೊದ್ದ ಹಾಗೆ. ನಾನು ವಾಲ್ಯೂಮ್, ಟೋನ್ ತಿರುಗಿಸುವ ಹಳೇ 250ಕೆ (ಕಿಲೋ ಓಮ್) ಪಾಟುಗಳನ್ನೇ ಉಳಿಸಿಕೊಂಡಿದ್ದೆ, ಹಂಬಕರಿಗೆ ಹಾಕುವುದು 500ಕೆ. ಅದಕ್ಕೆ 480. ಒಟ್ಟು 9,030, ಮಂಗಳೂರಿಗೆ ಎರಡು ಸಲದ ಬಸ್ಸು ಬೇರೆ. ಆದರೆ ಈಗ ಗೇನ್ ಪೂರ್ತಿ ಏರಿಸಿ ಕೈ ಬಿಟ್ಟರೂ ಕೋಣೆ ನಿಶ್ಶಬ್ದ. 23 ಬೆಸುಗೆಯಲ್ಲಿ ಬಂತಾ ಇದು?

ಬಿಜೈ ಲೀಡ್:
ಎಂತದ್ದು ಮಾರಾಯ್ರೆ ಒಂಬತ್ತು ಸಾವಿರ! ನಾನು ಆಂಪಿನ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಬಿಸಾಡಿದೆ. ಗೊಂಯ್ ಖತಂ. ಖರ್ಚು ಸೊನ್ನೆ.

ಉಡುಪಿ ಹಳೇ ಸೌಂಡ್:
ಬಿಜೈಯವರೇ, ಆ ಮಾತು ಮೊದಲು ಅಳಿಸಿ. ಗಿಟಾರಿನ ತಂತಿ ಬ್ರಿಜ್‌ನಿಂದ ಆಂಪಿನ ಚಾಸಿಗೆ, ಅಂದರೆ ಲೋಹದ ಮೈಗೆ ಸೇರಿರುತ್ತದೆ. ಪಿನ್ ಕಿತ್ತ ಆಂಪಿನೊಳಗೆ ಫಾಲ್ಟ್ ಆದರೆ ಅರ್ತ್ ನೀವೇ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಲೆಸ್ ಹಾರ್ವೆ ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತದ್ದು ಕೇಳಿದ್ದೀರಾ? ಕಾಪು ಕಡೆ ಒಂದು ಮದುವೆಯಲ್ಲಿ ನನ್ನ ತುಟಿಗೇ ಹೊಡೆದಿದೆ. ಎರಡು ದಿನ ಗಂಜಿ ಮಾತ್ರ.

ನಮ್ಮ ಮನೆ ಮುರಕಲ್ಲಿನ ಗುಡ್ಡದ ಮೇಲೆ. ಮಾರ್ಚ್ ಬಂದರೆ ಅರ್ತಿಂಗ್ ಗುಂಡಿ ಒಣಗಿ ಬೂದಿ. ಗೊಂಯ್ ಅದರಿಂದಲೇ ಅಂತ ಹೊಸ ಗುಂಡಿ ತೋಡಿಸಿ, ಉಪ್ಪು, ಇದ್ದಿಲು ತುಂಬಿಸಿ 5,500 ಕೊಟ್ಟೆ. ಶಾಕ್ ತಪ್ಪಿತು, ಗೊಂಯ್ ಹಾಗೇ ಇತ್ತು. ಕೊನೆಗೆ ಕಳ್ಳ ಸಿಕ್ಕಿದ್ದು ಗೋಡೆಯಲ್ಲಿ: ತಿರುಗಿಸುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್. ಅದು ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಆ ಕತ್ತರಿಯ ಸದ್ದೇ ಪಿಕಪ್ಪಿಗೆ. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದೆ, 290 ರೂಪಾಯಿ.

ಬಿಜೈ ಲೀಡ್:
ಮೂರು ವರ್ಷ ಆಯ್ತು, ನನಗೆ ಎಂತದೂ ಆಗಿಲ್ಲ. ಕಾರ್ಯಕ್ರಮಗಳಲ್ಲಿ ಸೌಂಡಿನವರೇ ಎರಡು ಪಿನ್ನಿನ ವೈರು ಎಳೆದು ಕೊಡುವುದು ನೋಡಿದ್ದೇನೆ.

ಉಡುಪಿ ಹಳೇ ಸೌಂಡ್:
ಹಾಗೆ ಕೊಟ್ಟವರು ಸೌಂಡಿನವರಲ್ಲ, ಪೆಂಡಾಲಿನವರು.

ಮೂಡಬಿದಿರೆ ಶಾಮಿಯಾನ:
ನಮ್ಮದು ಪೆಂಡಾಲಿನ ಕೆಲಸ. ಗಿಟಾರಿನ ಜಗಳಕ್ಕೆ ನಮ್ಮನ್ನು ಯಾಕೆ ಎಳೆಯುತ್ತೀರಿ? ನಮ್ಮ ಬೋರ್ಡಿನಲ್ಲಿ ಆರ್‌ಸಿಸಿಬಿ ಉಂಟು, ಕರೆಂಟು ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು. ಅದು ಟ್ರಿಪ್ ಆದರೆ "ಪದ್ಯ ನಿಂತಿತು" ಅಂತ ಬೈಯುವುದು ನಿಮ್ಮ ಸೌಂಡಿನವರೇ. ಬಾಡಿಗೆ ಬಾಕಿ ಇಡುವುದೂ ಅವರೇ, ಅದು ಬೇರೆ ಕಥೆ.

ಕದ್ರಿ ಬ್ಲೂಸ್:
ಸಿಂಗಲ್ ಕಾಯಿಲಿಗೆ ಗೊಂಯ್ ಇಲ್ಲದಿದ್ದರೆ ಅದು ಮೀನಿಲ್ಲದ ಊಟ. ನಾನೂ ಹೆದರಿ 3,200 ಕೊಟ್ಟು ನಾಯ್ಸ್ ಗೇಟ್ ತಂದಿದ್ದೆ. ನುಡಿಸದಾಗ ಬಾಯಿ ಮುಚ್ಚುತ್ತದೆ ನಿಜ. ನುಡಿಸುವಾಗ ಗೊಂಯ್ ಒಳಗೇ ಇರುತ್ತದೆ, ಮೇಲಾಗಿ ಉದ್ದ ಎಳೆದ ನೋಟಿನ ಬಾಲ ಕತ್ತರಿಸುತ್ತದೆ. ಈಗ ಕಪಾಟಿನ ಮೇಲೆ ಉಂಟು. ಮಧ್ಯದ ಪಿಕಪ್ ಉಲ್ಟಾ ಸುತ್ತಿದ್ದು ಹೌದಾ ನೋಡಿ. ಹೌದಾದರೆ ಪಿಕಪ್ ಆರಿಸುವ ಐದು ಸ್ಥಾನದ ಸ್ವಿಚ್ಚಿನಲ್ಲಿ, ಎರಡು ಪಿಕಪ್ ಜೊತೆಯಾಗುವ 2 ಮತ್ತು 4ರಲ್ಲಿ ಗೊಂಯ್ ಪುಕ್ಕಟೆ ಹೋಗುತ್ತದೆ.

ಮಣಿಪಾಲ ಹಂಬಕರ್:
2, 4ರಲ್ಲೇ ಜೀವನ ಕಳೆಯುವುದಾದರೆ ಐದು ಯಾಕೆ ಕೊಟ್ಟಿದ್ದಾರೆ? ಬ್ಲೂಸ್ ಅಂದರೆ ಗೊಂಯ್ ಅಂತ ತಿಳಿದವರ ಹತ್ತಿರ ಮಾತು ಬೇಡ.

ಕದ್ರಿ ಬ್ಲೂಸ್:
9,030 ಕೊಟ್ಟು ಸ್ಟ್ರಾಟ್‌ನ ಸದ್ದನ್ನೇ ಕಳಕೊಂಡವರ ಹತ್ತಿರ ನನಗೂ ಬೇಡ.

ಸುರತ್ಕಲ್ ಕಡಲು:
ಟೇಪಿನ ಮೇಲೆ ಯಾರಿಗೂ ಉತ್ತರ ಇಲ್ಲ ಅಲ್ವಾ? ಒಪ್ಪಿಕೊಂಡಿರಿ ಅಂತಾಯ್ತು.

ಕುಲಶೇಖರದವ:
ಫ್ಯಾನ್ ಆಫ್ ಮಾಡಿ ನೋಡಿದೆ. ಜುಂಯ್ ನಿಂತಿತು! ದಪ್ಪ ಗೊಂಯ್ ಸ್ವಲ್ಪ ಉಂಟು. 2ರಲ್ಲಿ ಅದೂ ಇಲ್ಲ. ಆದರೆ ಈ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಹತ್ತು ನಿಮಿಷ ಕೂರಲಿಕ್ಕೆ ಆಗುವುದಿಲ್ಲ. ಉಡುಪಿಯವರೇ, ಆ 290ರ ರೆಗ್ಯುಲೇಟರ್ ಹಳೇ ಸ್ವಿಚ್ ಬೋರ್ಡಿನ ತೂತಿಗೆ ಕೂರುತ್ತದಾ? ಮತ್ತೆ ರೋಸ್ ಇರುವುದು ಅಂಗಳದಲ್ಲಿ, ಪೆಂಡಾಲಿನವರ ಕರೆಂಟು.

ಮೂಡಬಿದಿರೆ ಶಾಮಿಯಾನ:
ಯಾವ ತಾರೀಖು?