ಅಪ್‌ಡೇಟ್: ಎಂಎ ಆದ್ಮೇಲೆ ಸಂಶೋಧನೆ, ಕಾಸರಗೋಡಿನಿಂದ

ಕಾಸರಗೋಡಿನಲ್ಲಿ ಕನ್ನಡ ಎಂಎ ಓದುತ್ತಿದ್ದೇನೆ. ತರಬೇತಿ ಶಿಬಿರಗಳಿಂದ ಸರ್ಟಿಫಿಕೇಟ್ ಬಿಟ್ಟು ಬೇರೇನಾದರೂ ಸಿಗುತ್ತಾ, ಪಿಎಚ್‌ಡಿಗೆ ದಾರಿ ಯಾವುದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಹಳೆಯ ಹಸ್ತಪ್ರತಿ ಓದಲು ಕಲಿಸುವ ಕಮ್ಮಟಕ್ಕೆ ಹೋದೆ. ಭಾಷಣ ಕಡಿಮೆ, ಕೈಕೆಲಸ ಜಾಸ್ತಿ. ತಾಳೆಗರಿಯಲ್ಲಿ ಕಂಟದಿಂದ (ಚೂಪು ಕಬ್ಬಿಣದ ಲೇಖನಿ) ಕೊರೆದ ಅಕ್ಷರ ಮೊದಲು ಸರಿಯಾಗಿ ಕಾಣುವುದೇ ಇಲ್ಲ. ಮಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿದು ಸಾಲು ಎದ್ದು ಬರುತ್ತದೆ. ಪದಗಳ ನಡುವೆ ಜಾಗವೂ ಇಲ್ಲ. ಎಲ್ಲಿ ಬಿಡಿಸಿ ಓದಬೇಕು ಅನ್ನೋದೇ ಅರ್ಧ ಕೆಲಸ! ನಮ್ಮ ಕಡೆಯ ಹಳೆಯ ಲಿಪಿಯಾದ ತಿಗಳಾರಿ ಓದಬಲ್ಲವರು ಈಗ ಕಡಿಮೆ. 2024ರಲ್ಲಿ ಅದು ಕಂಪ್ಯೂಟರ್‌ನಲ್ಲಿ ಲಿಪಿಗಳನ್ನು ಬಳಸಲು ಇರುವ ಯೂನಿಕೋಡ್ ಮಾನದಂಡಕ್ಕೂ ಸೇರಿದೆ. ನನ್ನ ಪಿಎಚ್‌ಡಿ ವಿಷಯ ಇದರಲ್ಲೇ ಸಿಗಬಹುದು ಅನ್ನಿಸುತ್ತಿದೆ.

ಇನ್ನು ನೆಟ್, ಅಂದರೆ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ. 2024ರ ಜೂನ್‌ನಿಂದ ಅದರ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸಬಹುದು. ಬರೀ ಪಿಎಚ್‌ಡಿ ಅರ್ಹತೆ ಸಿಕ್ಕರೆ ಆ ಅಂಕ ಒಂದೇ ವರ್ಷ ನಡೆಯುತ್ತದೆ, ಇದನ್ನು ಗಮನಿಸಿ. ನೆಟ್ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಬಿಎಡ್ ಮಾಡು ಅನ್ನುತ್ತಿದ್ದ ಅಮ್ಮ ಈ ಲೆಕ್ಕ ಕೇಳಿದ ಮೇಲೆ ಆ ಸುದ್ದಿ ಎತ್ತಿಲ್ಲ.

ಮಂಗಳೂರು ವಿಶ್ವವಿದ್ಯಾಲಯ ಇರುವ ಮಂಗಳಗಂಗೋತ್ರಿ ನಮಗೇನೂ ದೂರ ಅಲ್ವಲ್ಲ, ಅಲ್ಲಿನ ಪ್ರವೇಶ ಪ್ರಕಟಣೆಗೆ ಕಾಯುತ್ತಿದ್ದೇನೆ.