ಗೇಮ್ ಮಧ್ಯೆ ಮಧ್ಯೆ ತಡವರಿಸುತ್ತೆ, ಮೊದಲು ಯಾವ ಪಾರ್ಟ್ ಬದಲಿಸಲಿ?

ಪ್ರಶ್ನೆ: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 1650 4 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್, 450 ವ್ಯಾಟ್ ಪವರ್ ಸಪ್ಲೈ, 1080ಪಿ ಮಾನಿಟರ್. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) 60 ಅಂತ ತೋರಿಸಿದ್ರೂ ಆಟ ಆಗಾಗ ಗಕ್ಕನೆ ನಿಂತು ಮುಂದೆ ಹೋಗುತ್ತೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಿದ್ರೆ ಸಾಕಾ? ಎಲ್ಲಾ ಒಟ್ಟಿಗೆ ಕೊಳ್ಳೋಕಾಗಲ್ಲ.

ಉತ್ತರ 1: ದುಡ್ಡು ಹಾಕೋ ಮುಂಚೆ ಅಳೆದು ನೋಡಿ. ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡು ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ವಿಡಿಯೊ ಮೆಮೊರಿ, ರ‍್ಯಾಮ್, ಫ್ರೇಮ್‌ಟೈಮ್ (ಒಂದು ಫ್ರೇಮ್‌ಗೆ ಹಿಡಿಯೋ ಸಮಯ) ನಾಲ್ಕನ್ನೂ ಸ್ಕ್ರೀನ್ ಮೇಲೆ ಬರೋ ಹಾಗೆ ಮಾಡಿ. 60 ಎಫ್‌ಪಿಎಸ್ ಅಂದ್ರೆ ಫ್ರೇಮ್‌ಗೆ 16.7 ಮಿಲಿಸೆಕೆಂಡ್. ಸರಾಸರಿ ಚೆನ್ನಾಗಿದ್ದೂ ನಡುವೆ ಒಂದು ಫ್ರೇಮ್ 80 ಮಿಲಿಸೆಕೆಂಡ್ ತಗೊಂಡ್ರೆ ನಿಮಗೆ ಕಾಣ್ತಿರೋ ತೊಂದರೆಯೇ ಆಗೋದು. ಜಿಪಿಯು 97–99% ನಲ್ಲಿ ನಿಂತಿದ್ರೆ ಕಾರ್ಡಿನ ಸಾಮರ್ಥ್ಯ ಸಾಲ್ತಿಲ್ಲ. 60–70% ನಲ್ಲಿ ಹೊಯ್ದಾಡ್ತಿದ್ರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಿ. ಅಳೆಯುವಾಗ ವಿ-ಸಿಂಕ್ (ಎಫ್‌ಪಿಎಸ್ ಅನ್ನ ಮಾನಿಟರ್ ವೇಗಕ್ಕೆ ಕಟ್ಟಿಹಾಕೋ ಸೆಟ್ಟಿಂಗ್) ಆಫ್ ಇರಲಿ, ಇಲ್ಲಾಂದ್ರೆ ಲೆಕ್ಕ ತಪ್ಪುತ್ತೆ.

ಕೇಳಿದವರು: ನೋಡಿದೆ. ಜಿಪಿಯು 65% ಆಸುಪಾಸು, ರ‍್ಯಾಮ್ ಮಾತ್ರ ಪೂರ್ತಿ ತುಂಬಿದೆ.

ಉತ್ತರ 2: ಹಾಗಾದ್ರೆ ಕಾರ್ಡ್ ಸದ್ಯಕ್ಕೆ ಬೇಡ. ರ‍್ಯಾಮ್ ತುಂಬಿ ಉಳಿದ ಡೇಟಾ ಹಾರ್ಡ್ ಡಿಸ್ಕ್‌ನ ಪೇಜ್ ಫೈಲ್‌ಗೆ (ವಿಂಡೋಸ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳೋ ಬದಲಿ ಮೆಮೊರಿ) ಹೋಗ್ತಿದೆ, ಅಲ್ಲಿಂದ ವಾಪಸ್ ತರೋ ಹೊತ್ತಿಗೆ ಆಟ ನಿಲ್ಲುತ್ತೆ. 8+8 ಜಿಬಿ, 3200 ವೇಗದ ಒಂದೇ ಕಿಟ್ ತಗೊಳ್ಳಿ. ಹಳೇ ಸ್ಟಿಕ್ ಜೊತೆ ಬೆರೆಸಿದ್ರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿತವೆ. ಬೋರ್ಡಲ್ಲಿ ನಾಲ್ಕು ಸ್ಲಾಟ್ ಇದ್ರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ರಲ್ಲಿ ಹಾಕಿ. 1–2 ಅಥವಾ 3–4ರಲ್ಲಿ ಪಕ್ಕಪಕ್ಕ ಹಾಕಿದ್ರೆ ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ಡೇಟಾ ಕೊಡೋದು) ಸಿಗಲ್ಲ. ಆಮೇಲೆ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ (ಕಿಟ್ ಮೇಲೆ ಬರೆದ ವೇಗದಲ್ಲೇ ಓಡಿಸೋ ಸೆಟ್ಟಿಂಗ್) ಆನ್ ಮಾಡಿ, ತುಂಬಾ ಜನ ಬಿಟ್ಟುಬಿಡೋದು ಇದನ್ನೇ. ನಿಮ್ಮ ರೈಜೆನ್ 2600ಕ್ಕೆ ಮೆಮೊರಿ ವೇಗದ ಅಧಿಕೃತ ಮಿತಿ 2933. 3200ರಲ್ಲಿ ಕ್ರ್ಯಾಶ್ ಆದ್ರೆ ಅಲ್ಲಿಗಿಳಿಸಿ.

ಜೊತೆಗೊಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್). ವಿಂಡೋಸೂ ಆಡೋ ಗೇಮೂ ಅದರಲ್ಲೇ ಇರಲಿ.

ಉತ್ತರ 3: ಇಷ್ಟಾದ ಮೇಲೂ ಜಿಪಿಯು ಪೂರ್ತಿ ದುಡಿಯದಿದ್ರೆ ಪ್ರೊಸೆಸರ್. ಅದೇ ಎಎಂ4 ಸಾಕೆಟ್‌ಗೆ ರೈಜೆನ್ 5 5600 ಕೂರುತ್ತೆ, 65 ವ್ಯಾಟೇ, ಬೋರ್ಡ್ ಬದಲಿಸಬೇಕಿಲ್ಲ. ಆದರೆ ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮುಗಿಸಿ. ಮೊದಲೇ ಬಿಚ್ಚಿದ್ರೆ ಹೊಸದು ಬೂಟೇ ಆಗದಿರಬಹುದು. ಅಪ್‌ಡೇಟ್ ನಡುವೆ ಕರೆಂಟ್ ಹೋದ್ರೆ ಬೋರ್ಡ್ ಕೆಡಬಹುದು, ಯುಪಿಎಸ್ ಮೇಲೆ ಮಾಡಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ, ಆಮೇಲೆ ವಿಂಡೋಸ್ ಅದನ್ನ ಕೇಳಬಹುದು.

ಪ್ರೊಸೆಸರ್ ಬದಲಿಸುವಾಗ ಅದರ ಮೇಲಿನ ಕೂಲರ್ ನೇರ ಮೇಲಕ್ಕೆ ಎಳೀಬೇಡಿ. ನಡುವೆ ಹಚ್ಚಿರೋ ಥರ್ಮಲ್ ಪೇಸ್ಟ್ ಒಣಗಿ ಅಂಟಿಕೊಂಡು ಪ್ರೊಸೆಸರೇ ಕಿತ್ತು ಬಂದು ಪಿನ್ ಬಾಗುತ್ತೆ. ಹತ್ತು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಶಟ್‌ಡೌನ್ ಆದ ಮೇಲೆ ಪ್ಲಗ್ ತೆಗೆದು, ಕೂಲರನ್ನ ನಿಧಾನ ಅತ್ತಿತ್ತ ತಿರುಗಿಸಿ ಬಿಡಿಸಿ.

ಉತ್ತರ 4: ಮುಂದೆ ಕಾರ್ಡ್ ಕೊಳ್ಳೋದಾದ್ರೆ ಆರ್‌ಎಕ್ಸ್ 6600 ನೋಡಿ: 8 ಜಿಬಿ, 132 ವ್ಯಾಟ್. 6500 ಎಕ್ಸ್‌ಟಿ ಬೇಡವೇ ಬೇಡ. ಅದು ಬರೀ ನಾಲ್ಕು ಲೇನ್‌ನ (ಬೋರ್ಡ್ ಜೊತೆ ಡೇಟಾ ಸಾಗೋ ದಾರಿ) ಕಾರ್ಡ್, ಬಿ450ಯ ಪಿಸಿಐಇ 3.0 ಸ್ಲಾಟ್‌ನಲ್ಲಿ ಅದರ 4 ಜಿಬಿ ವಿಡಿಯೊ ಮೆಮೊರಿ ತುಂಬಿದ್ರೆ ಮತ್ತೆ ಇದೇ ಕಥೆ. ಪವರ್ ಸಪ್ಲೈ ಒಳ್ಳೇ ಕಂಪನಿಯದಾದ್ರೆ 450 ಸಾಕು, ಆದರೆ ಅದರಲ್ಲೇ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡೋ 6+2 ಪಿನ್ ಕೇಬಲ್ ಇರಬೇಕು. ಮೊಲೆಕ್ಸ್ (ಹಳೇ ನಾಲ್ಕು ಪಿನ್ ಕನೆಕ್ಟರ್) ಕನ್ವರ್ಟರ್ ಹಾಕಿದ್ರೆ ವೈರ್ ಬಿಸಿಯಾಗುತ್ತೆ. ಎನ್ವಿಡಿಯಾದಿಂದ ಎಎಂಡಿಗೆ ಹೋಗ್ತಿರೋದ್ರಿಂದ ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ಪೂರ್ತಿ ಅಳಿಸೋ ಸಾಫ್ಟ್‌ವೇರ್) ಓಡಿಸಿ, ಹಳೇ ಡ್ರೈವರ್ ತೆಗೆದು ಆಮೇಲೆ ಕಾರ್ಡ್ ಬದಲಿಸಿ.